ಡಿ12492: ತಿನ್ನಿಸಿದವಳು ಬರೆದ ವಿಮರ್ಶೆ

ತಿಂಡಿಯ ವಿಮರ್ಶೆಯನ್ನು ತಿಂದವರೇ ಬರೆಯಬೇಕು. ಆದರೆ ಈ ತಿಂಡಿಯನ್ನು ತಿಂದವರು ಬರೆಯುವ ಸ್ಥಿತಿಯಲ್ಲಿಲ್ಲ. ಅವರಲ್ಲಿ ಹೆಚ್ಚಿನವರ ಯಕೃತ್ತಿನ ತುಂಡುಗಳು ಈಗ ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ, ನನ್ನ ಕೈಬರಹದ ಚೀಟಿ ಅಂಟಿಸಿಕೊಂಡು ಕುಳಿತಿವೆ. ಹಾಗಾಗಿ ಮೂರು ವರ್ಷ ಅದನ್ನು ತೂಗಿ ಹಾಕಿದ, ತಿಂದು ಉಳಿದದ್ದನ್ನು ಮತ್ತೆ ತೂಗಿದ, ಹಾಸಿನೊಳಗೆ ಉದುರಿದ ಪುಡಿಯನ್ನು ಆರಿಸಿ ಅದನ್ನೂ ತೂಗಿದ ನಾನು ಬರೆಯುತ್ತಿದ್ದೇನೆ.

ಪದಾರ್ಥದ ಹೆಸರು ಡಿ12492. ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ನ್ಯೂ ಬ್ರನ್ಸ್‌ವಿಕ್‌ನಲ್ಲಿರುವ ರಿಸರ್ಚ್ ಡಯಟ್ಸ್ ಕಂಪನಿಯ ತಯಾರಿಕೆ. ಇಲಿಗಳನ್ನು ದಪ್ಪ ಮಾಡುವುದೊಂದೇ ಇದರ ಕೆಲಸ. ಸ್ಥೂಲಕಾಯ, ಸಕ್ಕರೆ ಕಾಯಿಲೆ, ಕೊಬ್ಬು ತುಂಬಿದ ಯಕೃತ್ತು, ಇವುಗಳ ಬಗ್ಗೆ ಇಲಿಗಳಲ್ಲಿ ಸಂಶೋಧನೆ ಮಾಡುವವರಿಗೆ ಈ ಸಂಖ್ಯೆ ಮನೆಯ ಫೋನ್ ನಂಬರಿನಷ್ಟೇ ಬಾಯಿಪಾಠ. ಮಾತಿನಲ್ಲಿ ಯಾರೂ ಸಂಖ್ಯೆ ಹೇಳುವುದಿಲ್ಲ, ‘ನೀಲಿ’ ಎನ್ನುತ್ತೇವೆ. ‘ಮೂರನೆಯ ಸಾಲಿಗೆ ನೀಲಿ ಹಾಕಿದೆಯಾ?’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ನಾನು ದಾವಣಗೆರೆಯವಳು. ಅಮೆರಿಕದ ಮಧ್ಯಪಶ್ಚಿಮದ ಒಂದು ಊರಿನಲ್ಲಿ ಪಿಎಚ್‌ಡಿ ನಂತರದ ಸಂಶೋಧಕಿ, ಅಂದರೆ ಪೋಸ್ಟ್‌ಡಾಕ್ ಆಗಿ ಇದು ನಾಲ್ಕನೆಯ ವರ್ಷ. ಪೋಸ್ಟ್‌ಡಾಕ್ ಎಂದರೇನು ಎಂದು ಊರಿನಲ್ಲಿ ಕೇಳುವವರಿಗೆ ಅಪ್ಪ ಕೊಡುವ ಉತ್ತರ ಒಂದೇ: ‘ಡಾಕ್ಟರ್ ಆಗಿದ್ದಾಳೆ, ಇಲಿಗಳಿಗೆ.’ ಅಪ್ಪನಿಗೆ ಇಲಿಗಳ ಪರಿಚಯ ನನಗಿಂತ ಹಳೆಯದು. ಅವರದು ಮಂಡಕ್ಕಿ, ಹುರಿಗಡಲೆ, ಶೇಂಗಾದ ಸಗಟು ಅಂಗಡಿ. ರಾತ್ರಿ ಬಾಗಿಲು ಹಾಕುವ ಮುನ್ನ ಬೋನಿಗೆ ಒಂದು ತುಂಡು ಮಿರ್ಚಿ ಸಿಕ್ಕಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಮಿರ್ಚಿ ಹಿಂದಿನ ದಿನದ್ದಾಗಿರಬೇಕು, ಎಣ್ಣೆ ಕಾಗದಕ್ಕೆ ಇಳಿದಿರಬೇಕು. ಸುತ್ತ ಎಂಬತ್ತು ಚೀಲ ಮಂಡಕ್ಕಿ ಇದ್ದರೂ ಅದನ್ನು ಬಿಟ್ಟು ಆ ಮಿರ್ಚಿಯ ಚೂರಿಗೆ ಇಲಿ ಬಂದು ಬೀಳುತ್ತಿತ್ತು. ಇಲಿಗೆ ಎಣ್ಣೆಯ ಪದಾರ್ಥ ಕಂಡರೆ ಬುದ್ಧಿ ನಿಲ್ಲುವುದಿಲ್ಲ ಎಂಬುದನ್ನು ತಿಳಿಯಲು ನನಗೆ ಪಿಎಚ್‌ಡಿ ಬೇಕಾಗಿರಲಿಲ್ಲ.

ಈಗ ಪೆಟ್ಟಿಗೆ ಬಿಚ್ಚೋಣ. ಒಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ, ಮಾಸಲು ನೀಲಿ ಬಣ್ಣದ ತುಂಡುಗಳು. ಪೆಲೆಟ್ ಎನ್ನುತ್ತಾರೆ. ಮುಟ್ಟಿದರೆ ಕೋಲ್ಡ್ ಕ್ರೀಮ್ ಹಚ್ಚಿದ ಕೈ ಕುಲುಕಿದ ಹಾಗೆ. ಸಾಧಾರಣ ಇಲಿ ಆಹಾರ, ಅಂದರೆ ಧಾನ್ಯದಿಂದ ಮಾಡಿದ ‘ಚೌ’, ಕಲ್ಲಿನಂತೆ ಇರುತ್ತದೆ. ನೆಲಕ್ಕೆ ಬಿದ್ದರೆ ಟಣ್ ಎನ್ನುತ್ತದೆ. ನೀಲಿ ಬಿದ್ದರೆ ಸದ್ದೇ ಇಲ್ಲ. ಬೇಯಿಸದ ಬಿಸ್ಕತ್ತಿನ ಹಿಟ್ಟಿಗೆ ಹಾಲಿನ ಪುಡಿ ಸೇರಿಸಿದರೆ ಬರುವಂಥ ವಾಸನೆ. ಬಾಯಿಗೆ ಹಾಕಿಕೊಂಡಿಲ್ಲ. ಅದಕ್ಕೆ ಪ್ರಾಣಿಕೋಣೆಯ ನಿಯಮವೂ ಕಾರಣ, ಅವ್ವನೂ ಕಾರಣ.

‘ಅವಕ್ಕೆ ಏನು ಹಾಕುತ್ತೀಯೇ?’ ಎಂದು ಮೊದಲ ತಿಂಗಳಲ್ಲೇ ಅವ್ವ ಫೋನಿನಲ್ಲಿ ಕೇಳಿದ್ದಳು. ನಾನು ಯೋಚಿಸದೆ ‘ಹಂದಿಯ ಕೊಬ್ಬು’ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ‘ಕೈ ತೊಳೆದುಕೊಳ್ಳುತ್ತೀಯ ತಾನೇ?’ ಎಂದಳು. ಎರಡು ಜೊತೆ ಕೈಗವಸು, ಮೇಲಂಗಿ, ಟೋಪಿ, ಮುಖಗವಸು ಎಲ್ಲವನ್ನೂ ವಿವರಿಸಿದ ಮೇಲೆ ಸಮಾಧಾನವಾಯಿತು. ಅದೆಲ್ಲ ಇಲಿಗಳಿಗೆ ನನ್ನಿಂದ ಸೋಂಕು ತಗಲದಿರಲೂ ಹೌದು ಎಂಬುದನ್ನು ಹೇಳಲಿಲ್ಲ.

ಹಂದಿಯ ಕೊಬ್ಬು ಎಂದದ್ದು ನಿಜ. ಸುಮಾರು 774 ಗ್ರಾಂ ಆಹಾರದಲ್ಲಿ ಅದು 245 ಗ್ರಾಂ, ಜೊತೆಗೆ 25 ಗ್ರಾಂ ಸೋಯಾ ಎಣ್ಣೆ. ಹಾಲಿನಿಂದ ತೆಗೆದ ಕೇಸೀನ್ ಎಂಬ ಪ್ರೋಟೀನ್ 200 ಗ್ರಾಂ. ಉಳಿದದ್ದು ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್, ಸಕ್ಕರೆ, ನಾರಿಗಾಗಿ 50 ಗ್ರಾಂ ಸೆಲ್ಯುಲೋಸ್, ಖನಿಜ, ವಿಟಮಿನ್, ಮತ್ತು ಒಂದು ಚಿಟಿಕೆ ನೀಲಿ ಬಣ್ಣ. ಈ ಪಟ್ಟಿಯನ್ನು ಕಂಪನಿ ಗ್ರಾಂ ಸಮೇತ ಎಲ್ಲರಿಗೂ ತೋರಿಸುತ್ತದೆ. ಇದು ಸಣ್ಣ ಮಾತಲ್ಲ. ಧಾನ್ಯದ ಚೌ ಮಾಡುವವರಲ್ಲಿ ಎಷ್ಟೋ ಜನ ಪದಾರ್ಥಗಳ ಹೆಸರು ಮಾತ್ರ ಹೇಳಿ ಪ್ರಮಾಣವನ್ನು ಗುಟ್ಟಾಗಿಡುತ್ತಾರೆ. ಆ ವರ್ಷದ ಜೋಳ, ಗೋಧಿ, ಸೋಯಾ ಹೇಗಿತ್ತೋ ಹಾಗೆ ಚೌ ಕೂಡ ಬದಲಾಗುತ್ತದೆ.

‘ಶೇಕಡಾ 60 ಕೊಬ್ಬು’ ಎಂಬ ಮಾತನ್ನು ಒಮ್ಮೆ ಬಿಡಿಸಿ ಹೇಳಬೇಕು. ನಮ್ಮವರೇ ಎಡವುವ ಜಾಗ ಇದು. ಅರವತ್ತು ಎಂಬುದು ಕ್ಯಾಲೊರಿಯ ಲೆಕ್ಕ. ತೂಕದ ಲೆಕ್ಕದಲ್ಲಿ ಕೊಬ್ಬು ಶೇಕಡಾ 35ರಷ್ಟು. ಅಪ್ಪನ ಅಂಗಡಿಯ ಶೇಂಗಾ ಬೀಜದಲ್ಲಿ ತೂಕದಲ್ಲಿ ಅರ್ಧದ ಹತ್ತಿರ, ಕ್ಯಾಲೊರಿಯಲ್ಲಿ ಮುಕ್ಕಾಲು ಪಾಲು ಕೊಬ್ಬೇ. ಅಂದರೆ ಈ ಭಯಂಕರ ನೀಲಿ ಪೆಲೆಟ್ ಒಂದು ಹಿಡಿ ಶೇಂಗಾಕ್ಕಿಂತ ಸಾತ್ವಿಕ. ಆದರೆ ನಾವು ಶೇಂಗಾವನ್ನು ಮಂಡಕ್ಕಿಯ ಮೇಲೆ ಉದುರಿಸಿಕೊಂಡು ತಿನ್ನುತ್ತೇವೆ. ಇಲಿಗೆ ಮೂರು ಹೊತ್ತೂ, ಪ್ರಯೋಗದ ಹದಿನಾರು ವಾರವೂ ಇದೇ ಊಟ, ಇದೇ ಉಪ್ಪಿನಕಾಯಿ. ಗ್ರಾಂಗೆ 5.24 ಕಿಲೋಕ್ಯಾಲೊರಿ. ದಿನಕ್ಕೆ ಎರಡೂವರೆ, ಮೂರು ಗ್ರಾಂ ತಿಂದರೆ ಸಾಕು.

ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಇಂಥ ಸಾಮಾನುಗಳ ಪೈಕಿ ಹೇಳಿದ್ದನ್ನು ಇಷ್ಟು ಕರಾರುವಾಕ್ಕಾಗಿ ಮಾಡುವುದನ್ನು ನಾನು ಬೇರೆ ನೋಡಿಲ್ಲ. ಸಿ57ಬಿಎಲ್/6ಜೆ ತಳಿಯ ಗಂಡಿಲಿಗಳನ್ನು ಆರು ವಾರದ ವಯಸ್ಸಿನಲ್ಲಿ, 20 ಗ್ರಾಂ ಆಸುಪಾಸಿನಲ್ಲಿ ನೀಲಿಗೆ ಹಾಕುತ್ತೇನೆ. ಮೊದಲ ವಾರದಲ್ಲೇ ತಕ್ಕಡಿ ಮಾತಾಡಲು ಶುರುಮಾಡುತ್ತದೆ. ಹನ್ನೆರಡು ವಾರಕ್ಕೆ 44, 45 ಗ್ರಾಂ. ಪಕ್ಕದ ಪಂಜರದ ಸೋದರರು 30ರಲ್ಲೇ ಇರುತ್ತಾರೆ. ಬಾಲ ಹಿಡಿದು ಎತ್ತಿದರೆ ತೆಳ್ಳಗಿನವನು ತಿರುಗಿ ಬೆರಳಿಗೇ ಹತ್ತಲು ನೋಡುತ್ತಾನೆ. ದಪ್ಪಗಿನವನು ಚೀಲದಂತೆ ಜೋತುಬೀಳುತ್ತಾನೆ. ಕೂದಲು ಎಣ್ಣೆ ಹಚ್ಚಿ ಬಾಚಿದಂತೆ ಗೆರೆಗೆರೆ.

ಈ ತಳಿ ಈ ಊಟಕ್ಕೆ ಹೀಗೆ ಮಣಿಯುತ್ತದೆ ಎಂಬುದು ಹೊಸ ವಿಷಯವಲ್ಲ. 1988ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಸರ್ವಿಟ್ ಮತ್ತು ಸಂಗಡಿಗರು, ಕೊಬ್ಬಿನ ಊಟ ಹಾಕಿದರೆ ಈ ಇಲಿಗಳಿಗೆ ಎರಡನೆಯ ಬಗೆಯ ಮಧುಮೇಹದಂಥ ಸ್ಥಿತಿ ಬರುತ್ತದೆ ಎಂದು ತೋರಿಸಿದರು. ಅದಕ್ಕೂ ಮೊದಲು ಇದ್ದದ್ದು ಹುಟ್ಟಾ ದಪ್ಪಗಿನ ಇಲಿ. ಮೈನ್ ರಾಜ್ಯದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ತಾನಾಗಿಯೇ ಕಾಣಿಸಿಕೊಂಡ ಆ ಇಲಿಯಲ್ಲಿ ಏನು ಕೊರತೆ ಎಂಬುದು ತಿಳಿದದ್ದು 1994ರಲ್ಲಿ, ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಹಾರ್ಮೋನಿನ ಜೀನನ್ನು ಹಿಡಿದಾಗ. ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವ ಸಂದೇಶವೇ ಆ ಇಲಿಗಿಲ್ಲ. ನಮ್ಮ ನಿಮ್ಮಂಥವರ ಬೊಜ್ಜು ಅಂಥದ್ದಲ್ಲ. ನಮ್ಮಲ್ಲಿ ಲೆಪ್ಟಿನ್ ಬೇಕಾದಷ್ಟಿದೆ, ಕೇಳಿಸಿಕೊಳ್ಳುವ ಕಿವಿಯೇ ಮಂದವಾಗಿದೆ. ನೀಲಿ ತಿಂದ ಇಲಿಯದೂ ಅದೇ ಕಥೆ. ಬೊಜ್ಜಿನ ಔಷಧಗಳನ್ನು ಮನುಷ್ಯರಿಗೆ ಚುಚ್ಚುವ ಮುನ್ನ ಇಂಥ ಇಲಿಗಳಿಗೆ ಚುಚ್ಚಿ ನೋಡುವುದು ಅದಕ್ಕೇ.

ನನಗೆ ಈ ಪೆಟ್ಟಿಗೆಯ ಬೆಲೆ ಅರ್ಥವಾದದ್ದು ಹಿಂದೆ ಕೈಯಾರೆ ಕಲಸಿದ್ದರಿಂದ. ಪಿಎಚ್‌ಡಿ ಮಾಡಿದ್ದು ಕರ್ನಾಟಕದಲ್ಲೇ. ಇಂಥ ಆಹಾರವನ್ನು ಹೊರದೇಶದಿಂದ ತರಿಸಲು ಹಣವಿರಲಿಲ್ಲ. ಹಣ ಹೊಂದಿಸಿದರೂ ತಣ್ಣಗೆ ತರಿಸುವುದು ಇನ್ನೊಂದು ಪಾಡು. ಹಾಗಾಗಿ ಸಾಧಾರಣ ಆಹಾರವನ್ನು ಮಿಕ್ಸಿಯಲ್ಲಿ ಪುಡಿಮಾಡಿ, ವನಸ್ಪತಿ ಮತ್ತು ಕೊಬ್ಬರಿ ಎಣ್ಣೆಯನ್ನು ಮೂರಕ್ಕೆ ಒಂದರಂತೆ ಕರಗಿಸಿ ಸುರಿದು, ಹಾಲಿನ ಪುಡಿ, ಸಕ್ಕರೆ ಬೆರೆಸಿ ಉಂಡೆ ಕಟ್ಟುತ್ತಿದ್ದೆವು. ಥೇಟ್ ತಂಬಿಟ್ಟು. ಸೀನಿಯರ್ ಒಬ್ಬರ ಕೈ ಬಿಗಿ. ಅವರ ಉಂಡೆ ಪಂಜರದ ಮೇಲಿನ ಕಂಬಿಯ ನಡುವೆ ಗಟ್ಟಿಯಾಗಿ ನಿಲ್ಲುತ್ತಿತ್ತು. ನಾನು ಕಟ್ಟಿದ್ದು ಏಪ್ರಿಲ್ ತಿಂಗಳ ಮಧ್ಯಾಹ್ನ ಕರಗಿ ಇಲಿಗಳ ಬೆನ್ನ ಮೇಲೆ ಸೋರುತ್ತಿತ್ತು. ಅವು ಒಂದರ ಬೆನ್ನನ್ನು ಇನ್ನೊಂದು ನೆಕ್ಕಿಕೊಂಡು ಹಬ್ಬ ಮಾಡುತ್ತಿದ್ದವು. ಯಾವ ಇಲಿ ಎಷ್ಟು ತಿಂದಿತು ಎಂದು ಬ್ರಹ್ಮನೂ ಹೇಳಲಾರ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ‘ನಿಮ್ಮ ಆಹಾರದಲ್ಲಿ ಕೊಬ್ಬಿನಂಶ ಎಷ್ಟು?’ ಎಂದು ಕೇಳಿದರು. ‘ಸುಮಾರು 40’ ಎಂದೆ. ಅವರು ‘ಸುಮಾರು’ ಎಂಬ ಪದವನ್ನು ತಮ್ಮ ಹಾಳೆಯಲ್ಲಿ ಬರೆದು ಅದರ ಸುತ್ತ ಒಂದು ಗೆರೆ ಎಳೆದದ್ದು ಎದುರು ಕುಳಿತ ನನಗೆ ಕಾಣಿಸಿತು. ಡಿ12492ರ ಬೆಲೆ ಚೌಗಿಂತ ಎಷ್ಟೋ ಪಟ್ಟು ಹೆಚ್ಚು. ಆ ಹೆಚ್ಚಿನ ಹಣವನ್ನು ನಾವು ಕೊಡುವುದು ಕೊಬ್ಬಿಗಲ್ಲ, ‘ಸುಮಾರು’ ಎಂಬ ಪದವನ್ನು ಅಳಿಸಿಕೊಳ್ಳುವುದಕ್ಕೆ. ಹೋದ ವರ್ಷದ ಚೀಲಕ್ಕೂ ಈ ವರ್ಷದ ಚೀಲಕ್ಕೂ, ನನ್ನ ಇಲಿಗಳಿಗೂ ಜಪಾನಿನ ಯಾರದೋ ಇಲಿಗಳಿಗೂ ಒಂದೇ ಊಟ.

ಇನ್ನು ದೂರುಗಳು. ಇವುಗಳಲ್ಲಿ ಕೆಲವು ಪದಾರ್ಥದ ಸ್ವಭಾವ, ಕೆಲವು ನನ್ನ ಕರ್ಮ.

ಸ್ವಭಾವ ಮೊದಲು. ಇಷ್ಟು ಕೊಬ್ಬಿರುವ ಯಾವ ಪೆಲೆಟ್ ಆದರೂ, ಯಾರು ಮಾಡಿದರೂ, ಉದುರುತ್ತದೆ. ಇಲಿ ಕಂಬಿಯ ಕೆಳಗೆ ಹಿಂಗಾಲಿನ ಮೇಲೆ ನಿಂತು, ಒಂದು ಅಂಚನ್ನು ಕಚ್ಚಿ ಎಳೆದು, ಮುಂಗಾಲುಗಳಲ್ಲಿ ಹಿಡಿದು ಮೂರು ಸಲ ಕೊರೆಯುತ್ತದೆ. ಒಂದು ಪಾಲು ಬಾಯಿಗೆ, ಒಂದು ಪಾಲು ಪಂಜರದ ತಳದ ಹಾಸಿನೊಳಗೆ. ಕೆಲವು ಇಲಿಗಳಿಗೆ ಕೊರೆಯುವುದೇ ಚಟ. ನನ್ನ 17ನೆಯ ಪಂಜರದವನು ದಿನಕ್ಕೆ ಆರು ಗ್ರಾಂ ‘ತಿನ್ನುತ್ತಿದ್ದ’, ತೂಕ ಮಾತ್ರ ಏರುತ್ತಿರಲಿಲ್ಲ. ಚಯಾಪಚಯದಲ್ಲಿ ಏನೋ ಮಹಾ ಸಂಶೋಧನೆ ಕೈಗೆ ಬಿತ್ತೆಂದು ಎರಡು ದಿನ ನನಗೆ ನಿದ್ದೆ ಇಲ್ಲ. ಮೂರನೆಯ ದಿನ ಹಾಸನ್ನು ಜರಡಿ ಹಿಡಿದೆ. ಅಡಿಯಲ್ಲಿ ನೀಲಿ ರವೆ, ಮೂರೂವರೆ ಗ್ರಾಂ. ಅಂದಿನಿಂದ ಆಹಾರದ ಲೆಕ್ಕ ಇಡುವ ವಾರಗಳಲ್ಲಿ ಪುಡಿಯನ್ನು ಆರಿಸದೆ ಸಂಖ್ಯೆ ಬರೆಯುವುದಿಲ್ಲ. ಚಿಮಟ ಹಿಡಿದು ನೀಲಿ ಕಣಗಳನ್ನು ಹಿಕ್ಕೆಯಿಂದ ಬೇರ್ಪಡಿಸುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆಯೇ. ಅವ್ವ ಮೊರದ ಮುಂದೆ ಕೂರಿಸಿ ಕಲಿಸಿದ ವಿದ್ಯೆ ಇಲ್ಲಿ ಸಂಬಳಕ್ಕೆ ಬಂತು.

ಹಳಸುವುದು ಎರಡನೆಯದು. ಕೊಬ್ಬು ಗಾಳಿಗೆ ಹಳಸುತ್ತದೆ, ಹಳಸಿದ್ದನ್ನು ಇಲಿ ಮೂಸಿ ಬಿಡುತ್ತದೆ. ಚೌ ಆದರೆ ಕಂಬಿಯ ತುಂಬ ತುಂಬಿಸಿ ಹೋಗಬಹುದು. ಇದನ್ನು ಫ್ರಿಜ್ಜಿನಲ್ಲಿಟ್ಟು, ವಾರಕ್ಕೆ ಎರಡು ಸಲ ಹಳೆಯದನ್ನು ಎಸೆದು ಹೊಸದು ಹಾಕಬೇಕು. ಆ ಎರಡರಲ್ಲಿ ಒಂದು ಹೇಗೋ ಭಾನುವಾರವೇ ಆಗುತ್ತದೆ. ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹಾಕುವಂತಿಲ್ಲ, ಕರಗಿ ಗಂಜಿಯಾಗುತ್ತದೆ. ಸೋಂಕಿಲ್ಲದ ಕೋಣೆಗೆ ಬೇಕಾದರೆ ಸಂಖ್ಯೆಯ ಕೊನೆಗೆ ‘ಐ’ ಅಕ್ಷರ ಇರುವ, ವಿಕಿರಣ ಹಾಯಿಸಿದ ಚೀಲವನ್ನೇ ತರಿಸಿ.

ಒಮ್ಮೆ ಜುಲೈ 4ರ ರಜೆಯ ಹಿಂದಿನ ದಿನ ಪೆಟ್ಟಿಗೆ ಬಂತು. ತಂದ ಕೊರಿಯರಿನವರು ಯಾರದೋ ಸಹಿ ಪಡೆದು ಇಳಿಸಿ ಹೋದರು. ಸರಕು ಇಳಿಸುವ ಕಟ್ಟೆಯ ಮೇಲೆ ಅದು ಮೂರು ದಿನ ಬಿಸಿಲು ಕಾಯಿತು. ಸೋಮವಾರ ಚೀಲ ಒಡೆದಾಗ ಹಳೆಯ ಬಾಣಲೆಯ ವಾಸನೆ, ತುಂಡುಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು. ಇಡೀ ಪೆಟ್ಟಿಗೆ ಕಸಕ್ಕೆ. ಆರ್ಡರ್ ಮಾಡುವಾಗ ಕ್ಯಾಲೆಂಡರ್ ನೋಡದಿದ್ದದ್ದು ನಾನೇ ಆದ್ದರಿಂದ ಯಾರ ಮೇಲೂ ಕೂಗಾಡಲಾಗಲಿಲ್ಲ.

ಬಣ್ಣದ ವಿಷಯ ಹೇಳಲೇಬೇಕು. ಈ ಕಂಪನಿಯ ಆಹಾರಗಳಿಗೆ ಬಣ್ಣ ಹಾಕುವುದು ಒಂದಕ್ಕೊಂದು ಬೆರೆಯದಿರಲಿ ಎಂದು. ಶೇಕಡಾ 60 ಕೊಬ್ಬಿನದು ನೀಲಿ, 45ರದು, ಅಂದರೆ ಡಿ12451, ಕೆಂಪು, 10ರದು, ಡಿ12450ಬಿ, ಹಳದಿ. ಜಾಣತನದ ಏರ್ಪಾಡು. ಮೈಲಿಗೆ ಕೈ ಯಾವುದಕ್ಕೆ ತಗಲಿತು ಎಂಬುದು ಗವಸಿನ ಮೇಲೆಯೇ ಕಾಣುತ್ತದೆ. ಆದರೆ ನಾನು ಮೊದಲು ಮಾಡಿದ್ದು ಊಟದ ಹೊತ್ತಿನ ಪ್ರಯೋಗ. ಸಾಲ್ಕ್ ಸಂಸ್ಥೆಯ ಸಚ್ಚಿದಾನಂದ ಪಾಂಡಾ ಅವರ ತಂಡ 2012ರಲ್ಲಿ ತೋರಿಸಿದ ಸಂಗತಿ ಅದಕ್ಕೆ ಆಧಾರ: ಕೊಬ್ಬಿನ ಊಟವನ್ನೇ ರಾತ್ರಿಯ ಎಂಟು ಗಂಟೆಗಳಲ್ಲಿ ಮಾತ್ರ ಕೊಟ್ಟರೆ, ಹೊತ್ತುಗೊತ್ತಿಲ್ಲದೆ ಮೇಯುವ ಇಲಿಗಳಷ್ಟೇ ಕ್ಯಾಲೊರಿ ತಿಂದರೂ ಇಲಿಗಳು ಅವುಗಳಷ್ಟು ಊದುವುದಿಲ್ಲ. ಇಲಿಗೆ ರಾತ್ರಿಯೇ ಹಗಲು. ಹಾಗಾಗಿ ದೀಪ ಆರಿದ ಮೇಲೆ ಊಟ ಇಡುವುದು, ಮತ್ತೆ ತೆಗೆಯುವುದು, ಎಲ್ಲವೂ ಕತ್ತಲಲ್ಲಿ, ಮಂಕು ಕೆಂಪು ದೀಪದಡಿ. ಇಲಿಯ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ತಟ್ಟುವುದಿಲ್ಲ.

ನಾನು ಹಿಡಿದದ್ದು 45ರ ಕೆಂಪು ಮತ್ತು 10ರ ಹಳದಿ. ಕೆಂಪು ದೀಪದಡಿ ಕೆಂಪೂ ಹಳದಿಯೂ ಒಂದೇ ಎಂಬುದು ಹೈಸ್ಕೂಲಿನ ಭೌತಶಾಸ್ತ್ರ. ಎರಡೂ ಮಾಸಿದ ಬಿಳಿಯಂತೆ ಕಾಣುತ್ತವೆ. ಎರಡು ಪಂಜರಗಳಿಗೆ ಅದಲುಬದಲು ಹಾಕಿದೆ, ಮೂರು ರಾತ್ರಿ. ತಿಳಿದದ್ದು ವಾರದ ತೂಕ ಹಾಕುವಾಗ: ತೆಳ್ಳಗಿರಬೇಕಾದವರು ಏರಿದ್ದರು, ಏರಬೇಕಾದವರು ಇಳಿದಿದ್ದರು. ಎಂಟು ಇಲಿಗಳನ್ನು ಪ್ರಯೋಗದಿಂದ ಕೈಬಿಟ್ಟೆ. ನೀಲಿಯಾಗಿದ್ದರೆ ಕೆಂಪು ಬೆಳಕಿನಲ್ಲಿ ಇದ್ದಿಲಿನಂತೆ ಕಪ್ಪಾಗಿ ಕಾಣುತ್ತಿತ್ತು, ಈ ಅನಾಹುತ ಆಗುತ್ತಿರಲಿಲ್ಲ. ಕತ್ತಲಲ್ಲಿ ಕೆಲಸ ಮಾಡುವವರು ಬಣ್ಣವನ್ನು ನಂಬಬೇಡಿ. ಡಬ್ಬಿಯ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ, ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು. ನಾನು ಈಗಲೂ ಹಾಗೇ ಮಾಡುತ್ತೇನೆ.

ಆದರೆ ಇದೆಲ್ಲ ಸಣ್ಣ ಕಥೆ. ಈ ಪದಾರ್ಥವನ್ನು ಕೊಳ್ಳುವವರಿಗೆ ನಾನು ನಿಜವಾಗಿ ಹೇಳಬೇಕಾದದ್ದು ನೀಲಿಯ ಬಗ್ಗೆ ಅಲ್ಲ, ಪಕ್ಕದ ಪಂಜರದಲ್ಲಿ ಏನಿದೆ ಎಂಬುದರ ಬಗ್ಗೆ.

ದಪ್ಪಗಿನ ಇಲಿಯನ್ನು ಯಾವುದಕ್ಕೆ ಹೋಲಿಸುತ್ತೀರಿ? ನಮ್ಮ ಪ್ರಯೋಗಾಲಯದಲ್ಲಿ ಮುಂಚಿನಿಂದ ಬಂದ ಪದ್ಧತಿ, ಒಂದು ಕಡೆ ನೀಲಿ, ಇನ್ನೊಂದು ಕಡೆ ಚೌ. ಚೌ ಅಗ್ಗ, ಪ್ರಾಣಿಕೋಣೆಯಲ್ಲಿ ಹೇಗೂ ಬಿದ್ದಿರುತ್ತದೆ. ನಾನೂ ಹಾಗೇ ಮಾಡಿದೆ. ಹದಿನಾರು ವಾರ ತಿನ್ನಿಸಿ, ಅಳೆದು, ಕೊಯ್ದು, ಯಕೃತ್ತಿನಲ್ಲಿ ಕೆಲಸ ಹೆಚ್ಚುಕಡಿಮೆಯಾದ ಜೀನುಗಳ ಪಟ್ಟಿ ಮಾಡಿ, ಲೇಖನ ಕಳಿಸಿದೆ. ಪರಿಶೀಲಕರೊಬ್ಬರು ಒಂದೇ ಸಾಲಿನ ಪ್ರಶ್ನೆ ಬರೆದರು: ಈ ವ್ಯತ್ಯಾಸ ಕೊಬ್ಬಿನಿಂದ ಬಂದದ್ದು ಎಂದು ಹೇಗೆ ಗೊತ್ತು?

ಗೊತ್ತಿರಲಿಲ್ಲ. ಚೌನಲ್ಲಿ ಹೊಟ್ಟು, ಸೊಪ್ಪಿನ ನಾರು, ಸೋಯಾದಿಂದ ಬರುವ ಈಸ್ಟ್ರೋಜನ್‌ನಂಥ ವಸ್ತುಗಳು, ಇನ್ನೂ ಏನೇನೋ ಇವೆ. ನೀಲಿಯಲ್ಲಿ ಅದೊಂದೂ ಇಲ್ಲ. ನಾರು ಎಂದರೆ ಬರೀ ಸೆಲ್ಯುಲೋಸ್, ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದರಿಂದ ಹೆಚ್ಚೇನೂ ದಕ್ಕುವುದಿಲ್ಲ. ಇಲಿಯ ಹೊಟ್ಟೆ ಕೊಯ್ದವರಿಗೆ ಇದು ಕಣ್ಣಿಗೇ ಕಾಣುತ್ತದೆ. ಚೌ ತಿಂದ ಇಲಿಯ ಸೀಕಮ್, ಅಂದರೆ ಸಣ್ಣ ಕರುಳೂ ದೊಡ್ಡ ಕರುಳೂ ಸೇರುವ ಕಡೆ ಇರುವ ಚೀಲ, ಹಸಿರು ಕಂದು ಬಣ್ಣಕ್ಕೆ ಉಬ್ಬಿ ಅಲ್ಪವಿರಾಮದ ಆಕಾರದಲ್ಲಿ ಕೂತಿರುತ್ತದೆ. ನೀಲಿ ತಿಂದದ್ದರಲ್ಲಿ ಅದು ಸುಕ್ಕಿದ ಗಜ್ಜರಿ. ಹಳದಿ ತಿಂದ ತೆಳ್ಳಗಿನ ಇಲಿಯಲ್ಲೂ ಅದು ಹೀಗೇ ಸಣ್ಣದು! ಹಾಗಿದ್ದರೆ ಸೀಕಮ್ ಕುಗ್ಗಿದ್ದು ಕೊಬ್ಬಿನಿಂದಲ್ಲ. ನಾನು ಕೊಬ್ಬಿನ ಪರಿಣಾಮ ಎಂದು ಬರೆದದ್ದರಲ್ಲಿ ಎಷ್ಟು ಪಾಲು ಹೊಟ್ಟಿಲ್ಲದ ಊಟದ ಪರಿಣಾಮವೋ!

ಸರಿ, ಹಳದಿ ಹಾಕಿದರೆ ಮುಗಿಯಿತೇ? ಅಲ್ಲೂ ಒಂದು ಗುಂಡಿ ಇದೆ. ಹಳೆಯ ಹಳದಿ ಡಿ12450ಬಿಯಲ್ಲಿ ಕೊಬ್ಬನ್ನು ಇಳಿಸಿದ ಜಾಗಕ್ಕೆ ಪಿಷ್ಟದ ಜೊತೆ ಸಕ್ಕರೆಯನ್ನೂ ಸುರಿದಿದ್ದಾರೆ. ಕ್ಯಾಲೊರಿಯಲ್ಲಿ ಶೇಕಡಾ 35 ಸಕ್ಕರೆ. ನೀಲಿಯಲ್ಲಿ ಸಕ್ಕರೆ ಶೇಕಡಾ 7 ಮಾತ್ರ. ಅಂದರೆ ನೀವು ಹೋಲಿಸುತ್ತಿರುವುದು ಕೊಬ್ಬಿನವನನ್ನು ಸಿಹಿಯವನ ಜೊತೆಗೆ, ಕರಿದ ಮಿರ್ಚಿಯನ್ನು ಮೈಸೂರು ಪಾಕಿನ ಜೊತೆಗಲ್ಲದಿದ್ದರೂ ಬೆಂಡು ಬತ್ತಾಸಿನ ಜೊತೆಗೆ. ಇದಕ್ಕೇ ಆಮೇಲೆ ಸಕ್ಕರೆಯನ್ನೂ ಸರಿಹೊಂದಿಸಿದ ಡಿ12450ಜೆ ಬಂತು. ನೀಲಿಗೆ ಜೋಡಿ ಅದು. ಕೊನೆಯ ಅಕ್ಷರ ಒಂದೇ ಬೇರೆ, ಆರ್ಡರ್ ಹಾಳೆಯಲ್ಲಿ ಕಣ್ಣು ಜಾರಿದರೆ ನಾಲ್ಕು ತಿಂಗಳು ಹೋಯಿತು ಎಂದೇ ಲೆಕ್ಕ.

ನನ್ನ ನಾಲ್ಕು ತಿಂಗಳು ಹೋದವು. ಹೊಸ ಇಲಿಗಳು, ಸರಿಯಾದ ಜೋಡಿ ಆಹಾರ, ಮತ್ತೆ ಹದಿನಾರು ವಾರ. ಆ ಅವಧಿಯಲ್ಲಿ ಅಕ್ಕನ ಮದುವೆಯಾಯಿತು. ನಾನು ವಿಡಿಯೊದಲ್ಲಿ ಅಕ್ಷತೆ ಹಾಕಿದೆ. ಪೋಸ್ಟ್‌ಡಾಕ್‌ನಲ್ಲಿ ವರ್ಷವನ್ನು ಹದಿನಾರು ವಾರದ ಮೂರು ತುಂಡಾಗಿ ಎಣಿಸುವ ಅಭ್ಯಾಸವಾಗಿಬಿಡುತ್ತದೆ, ಒಂದು ತುಂಡು ಹಾಳಾದರೆ ಸರ್ಕಾರಿ ಅನುದಾನದ ಗಡುವೂ ವೀಸಾದ ತಾರೀಕೂ ಒಟ್ಟಿಗೆ ಮೈಮೇಲೆ ಬರುತ್ತವೆ. ಎರಡನೆಯ ಸಲ ಫಲಿತಾಂಶ ಬಂದಾಗ ಮೊದಲ ಪಟ್ಟಿಯ ಜೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉದುರಿಹೋಗಿದ್ದವು. ಉಳಿದವುಗಳ ಮೇಲೆ ಈಗ ನನಗೆ ನಂಬಿಕೆ ಇದೆ.

ಅಳತೆಯಲ್ಲೂ ಹೀಗೊಂದು ಮೋಸ. ಇಲಿಗೆ ಸಕ್ಕರೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಎಂದು ನೋಡಲು ಬೆಳಿಗ್ಗೆಯಿಂದ ಆರು ಗಂಟೆ ಕಾಲ ಉಪವಾಸ ಇಟ್ಟು, ಹೊಟ್ಟೆಗೆ ಗ್ಲೂಕೋಸ್ ಚುಚ್ಚಿ, ಬಾಲದ ತುದಿಯಿಂದ ಹನಿ ರಕ್ತ ಹಿಂಡುತ್ತೇವೆ: ಸೊನ್ನೆ, 15, 30, 60, 90, 120ನೆಯ ನಿಮಿಷ. ಇಪ್ಪತ್ತು ಇಲಿ, ನಿಮಿಷಕ್ಕೊಂದು, ಮೂತ್ರಕ್ಕೆ ಹೋಗಲೂ ಬಿಡುವಿಲ್ಲ. ಮೀಟರ್ ಅಪ್ಪ ಬೆಳಿಗ್ಗೆ ಬೆರಳಿಗೆ ಚುಚ್ಚಿಕೊಂಡು ನೋಡುವಂಥದ್ದೇ. ತೆಳ್ಳಗಿನವನು 280ಕ್ಕೆ ಏರಿ ಎರಡು ಗಂಟೆಯಲ್ಲಿ ಇಳಿಯುತ್ತಾನೆ. ನೀಲಿಯವನು 500 ದಾಟಿ ಅಲ್ಲೇ ಠಿಕಾಣಿ ಹೂಡುತ್ತಾನೆ. ಒಮ್ಮೊಮ್ಮೆ ಮೀಟರ್ 600ರ ಆಚೆ ಲೆಕ್ಕ ಹಾಕಲಾರದೆ ‘ಹೈ’ ಎಂದು ಬರೆದು ಕೈಚೆಲ್ಲುತ್ತದೆ. ನೋಡಲು ಅದ್ಭುತ ಚಿತ್ರ. ಆದರೆ ಕಿಲೋ ತೂಕಕ್ಕೆ ಎರಡು ಗ್ರಾಂ ಎಂದು ಚುಚ್ಚಿದರೆ 28 ಗ್ರಾಮಿನವನಿಗೆ ಬೀಳುವುದು 56 ಮಿಲಿಗ್ರಾಂ, 45 ಗ್ರಾಮಿನವನಿಗೆ 90. ಗ್ಲೂಕೋಸನ್ನು ಹೆಚ್ಚಾಗಿ ಸುಡುವುದು ಸ್ನಾಯು. ಸ್ನಾಯು ಇಬ್ಬರಲ್ಲೂ ಹೆಚ್ಚುಕಡಿಮೆ ಅಷ್ಟೇ, ಏರಿದ್ದು ಬೊಜ್ಜು. ಅವನಿಗೆ ಜಾಸ್ತಿ ಸಕ್ಕರೆ ಕೊಟ್ಟು ಅವನ ಸಕ್ಕರೆ ಜಾಸ್ತಿ ಎನ್ನುವುದು ಯಾವ ನ್ಯಾಯ? ಈಗ ಎಕೋಎಂಆರ್‌ಐ ಯಂತ್ರದ ಕೊಳವೆಯಲ್ಲಿ ಎರಡು ನಿಮಿಷ ಕೂರಿಸಿ ಬೊಜ್ಜೆಷ್ಟು, ಉಳಿದದ್ದೆಷ್ಟು ಎಂದು ಅಳೆದು, ಉಳಿದದ್ದರ ತೂಕಕ್ಕೆ ಚುಚ್ಚುತ್ತೇನೆ. ವ್ಯತ್ಯಾಸ ಈಗಲೂ ಇದೆ; ಮೊದಲಿನಷ್ಟು ನಾಟಕೀಯವಾಗಿಲ್ಲ.

ಐದಕ್ಕೆ ಎಷ್ಟು ಎಂದು ಕೇಳಿದರೆ ನಾಲ್ಕು. ಕಳೆದ ಒಂದು ನಕ್ಷತ್ರ ಪುಡಿಗಾಗಿ ಅಲ್ಲ. 60 ಎಂಬುದು ಸುತ್ತಿಗೆಯ ಪೆಟ್ಟು. ಮನುಷ್ಯರು ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಅರವತ್ತು ಪಾಲನ್ನು ಕೊಬ್ಬಿನಿಂದ ತಿಂದು ತಿಂಗಳುಗಟ್ಟಲೆ ಬಾಳುವುದು ಅಪರೂಪ. ನಮ್ಮೂರಿನ ಬೆಣ್ಣೆದೋಸೆಯ ಹೋಟೆಲಿನಲ್ಲೂ ದೋಸೆಯ ಅಡಿ ಅಕ್ಕಿ ಇರುತ್ತದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ ಇರುತ್ತದೆ. ಬೇಗ ದಪ್ಪವಾಗಬೇಕು, ಗಡುವು ಹತ್ತಿರವಿದೆ ಎಂದು 60ನ್ನು ಹಿಡಿಯುತ್ತೇವೆ, ಆಮೇಲೆ ಲೇಖನದ ಕೊನೆಯಲ್ಲಿ ‘ಪಾಶ್ಚಾತ್ಯ ಆಹಾರಪದ್ಧತಿ’ ಎಂದು ಬರೆಯುತ್ತೇವೆ. ಅದು ಪೆಲೆಟ್‌ನ ತಪ್ಪಲ್ಲ, ಹೌದು. ಆದರೂ ನಕ್ಷತ್ರ ಎಲ್ಲಿಂದಾದರೂ ಕಳೆಯಬೇಕಲ್ಲ. ಸಮಯವಿರುವವರು 45ರ ಕೆಂಪನ್ನು ನೋಡಿ, ನಿಧಾನ, ಆದರೆ ತುಸು ಮನುಷ್ಯರ ಹತ್ತಿರ. ಹೆಣ್ಣಿಲಿಗಳಲ್ಲಿ ಕೆಲಸ ಮಾಡುವವರು ಮಾತ್ರ ನೀಲಿಯಲ್ಲೂ ತಾಳ್ಮೆ ಇಟ್ಟುಕೊಳ್ಳಬೇಕು. ಅವು ಗಂಡುಗಳಷ್ಟು ಬೇಗ ಏರುವುದಿಲ್ಲ. ನನ್ನವು ಹನ್ನೆರಡು ವಾರಕ್ಕೂ 30 ದಾಟಿರಲಿಲ್ಲ.

ಮತ್ತೊಂದು, ಯಾರೂ ಆಹಾರದ ಚೀಟಿಯ ಮೇಲೆ ಬರೆಯದ ವಿಷಯ: ಕೋಣೆಯ ಶಾಖ. ನಮ್ಮ ಪ್ರಾಣಿಕೋಣೆ 22 ಡಿಗ್ರಿ, ಅಂಗಿ ತೊಟ್ಟ ನಮಗೆ ಹಿತ. ಇಲಿಗೆ ಹಿತ 30ರ ಹತ್ತಿರ. 22ರಲ್ಲಿ ಅದು ಮೈ ಬೆಚ್ಚಗಿಡಲೆಂದೇ ದಿನವಿಡೀ ಕ್ಯಾಲೊರಿ ಉರಿಸುತ್ತಿರುತ್ತದೆ. ಅದೇ ನೀಲಿಯನ್ನು ದಾವಣಗೆರೆಯ ಮೇ ತಿಂಗಳಲ್ಲಿ ತಿನ್ನಿಸಿದರೆ ಬೇರೆಯೇ ಪ್ರಯೋಗ.

ಮುಂದಿನ ಪ್ರಯೋಗಕ್ಕೆ ಮೊನ್ನೆ ಆರ್ಡರ್ ಮಾಡಿದೆ. ಎರಡು ಪೆಟ್ಟಿಗೆ ನೀಲಿ, ಎರಡು ಪೆಟ್ಟಿಗೆ ಅದರ ಜೋಡಿ. ಕೊನೆಯ ಅಕ್ಷರ ಜೆ ಎಂದು ಮೂರು ಸಲ ನೋಡಿದೆ, ಆಮೇಲೆ ಪಕ್ಕದ ಮೇಜಿನ ಹುಡುಗನಿಂದ ಜೋರಾಗಿ ಓದಿಸಿದೆ. ಬರುವುದು ಮಂಗಳವಾರ. ಆ ವಾರ ಯಾವ ರಜೆಯೂ ಇಲ್ಲ.